ಕೋಳಿ ಸೊರಗುತ್ತಿದೆಯೇ? ಮೊದಲು ಎತ್ತಿಕೊಂಡು ಎದೆ ಮುಟ್ಟಿ ನೋಡಿ

ಕೋಳಿ ಬಡಕಲಾಗಿದ್ದು ಕಣ್ಣಿಗೆ ಬೇಗ ಕಾಣುವುದಿಲ್ಲ. ಗರಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಹಿತ್ತಲಲ್ಲಿ ಓಡಾಡಿಕೊಂಡು, ಮಣ್ಣು ಕೆದಕಿಕೊಂಡು, ಉಳಿದವುಗಳ ಜೊತೆ ಚೆನ್ನಾಗಿಯೇ ಇದೆ ಅನ್ನಿಸುವ ಹೇಂಟೆಯನ್ನು ಒಂದು ದಿನ ಯಾವುದೋ ಕಾರಣಕ್ಕೆ ಎತ್ತಿಕೊಂಡರೆ ಕೈಗೆ ಬರೀ ಮೂಳೆ ಸಿಗುತ್ತದೆ, ಆಗ ಎದೆ ಧಸಕ್ ಅನ್ನುತ್ತದೆ.

ನನಗೂ ಹೀಗೇ ಆಗಿತ್ತು. ಒಂದು ಕಂದು ಹೇಂಟೆ, ಚೆನ್ನಾಗಿ ತಿನ್ನುತ್ತಿತ್ತು, ಆದರೂ ಇಳಿಯುತ್ತಾ ಹೋಯಿತು. ಜಂತುಹುಳ ಇರಬೇಕು ಅಂದುಕೊಂಡು ಔಷಧ ಕೊಟ್ಟೆ. ಏನೂ ಆಗಲಿಲ್ಲ. ಮತ್ತೆ ಅದೇ ಔಷಧ ಕೊಟ್ಟೆ. ಕೊನೆಗೆ ಹಿಕ್ಕೆ ಪರೀಕ್ಷೆ ಮಾಡಿಸಿದಾಗ ಲಾಡಿಹುಳು ಅಂತ ಗೊತ್ತಾಯಿತು. ನಾನು ಕೊಟ್ಟಿದ್ದು ಪೈಪರಜಿನ್. ಅದು ದುಂಡುಹುಳುವಿಗೆ ಮಾತ್ರ ಕೆಲಸ ಮಾಡುತ್ತದೆ, ಲಾಡಿಹುಳುವನ್ನು ಮುಟ್ಟುವುದೂ ಇಲ್ಲ. ಎರಡು ತಿಂಗಳು ಸುಮ್ನೆ ಕಳೆದುಹೋಯಿತು, ಆ ಎರಡು ತಿಂಗಳು ಆ ಹೇಂಟೆ ಕಷ್ಟಪಟ್ಟಿತು. ಅದಕ್ಕೇ ಈಗ ಯಾರು ಕೇಳಿದರೂ ಔಷಧದ ಹೆಸರು ಹೇಳುವ ಮುಂಚೆ ನಾನು ಒಂದೇ ಮಾತು ಕೇಳುತ್ತೇನೆ: ತಿಂದ ಮೇವು ಎಲ್ಲಿ ಸೋರಿಹೋಗುತ್ತಿದೆ ಅಂತ ನೋಡಿದಿರಾ? ಕೊಕ್ಕಿನಿಂದ ಶುರುಮಾಡಿ ಹಿಕ್ಕೆಯವರೆಗೆ ಮೇವು ಹೋಗುವ ದಾರಿಯನ್ನೇ ಹಿಡಿದು ಹುಡುಕಿದರೆ ಕಾರಣ ಬಹಳ ಸಲ ಸಿಕ್ಕೇ ಸಿಗುತ್ತದೆ.

ಕೈ ಮತ್ತು ತಕ್ಕಡಿ

ರಾತ್ರಿ ಗೂಡಿನಲ್ಲಿ ಕೂತಿರುವಾಗ ಎತ್ತಿಕೊಳ್ಳುವುದು ಸುಲಭ, ಓಡಿಸಿ ಹಿಡಿದು ಗಾಬರಿ ಮಾಡುವ ಅಗತ್ಯ ಇರುವುದಿಲ್ಲ. ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಎದೆಯ ಕೆಳಗೆ ತನ್ನಿ. ಎದೆಯ ನಡುವೆ ಉದ್ದಕ್ಕೆ ಒಂದು ಮೂಳೆ ಇದೆ, ದೋಣಿಯ ತಳದ ಹಾಗೆ. ಅದರ ಎರಡೂ ಪಕ್ಕದ ಮಾಂಸವನ್ನು ಬೆರಳಿನಿಂದ ಮುಟ್ಟಿ. ಚೆನ್ನಾಗಿರುವ ಹೇಂಟೆಯಲ್ಲಿ ಮಾಂಸ ತುಂಬಿಕೊಂಡು ಮೂಳೆಯ ಅಂಚಿಗೆ ಹತ್ತಿರ ಬಂದಿರುತ್ತದೆ, ಅಂಚು ಮಾತ್ರ ಸ್ವಲ್ಪ ಸಿಗುತ್ತದೆ. ಮಾಂಸ ಇಳಿಜಾರಾಗಿ, ಮೂಳೆ ಎದ್ದು ನಿಂತಿದ್ದರೆ ಸೊರಗುತ್ತಿದೆ ಎಂದರ್ಥ. ಎರಡೂ ಪಕ್ಕ ಗುಳಿಬಿದ್ದು, ಮೂಳೆ ಚಾಕುವಿನ ಅಂಚಿನ ಹಾಗೆ ಕೈಗೆ ಚುಚ್ಚಿದರೆ ಅದು ಇವತ್ತಿನ ತೊಂದರೆಯಲ್ಲ, ಹಲವು ವಾರಗಳಿಂದ ನಡೆಯುತ್ತಿದೆ.

ಒಂದು ಮಾತು. ಮೊಟ್ಟೆಗೆಂದೇ ಬೆಳೆಸಿದ ತಳಿಗಳ ಎದೆ ಮೊದಲಿಂದಲೂ ಸ್ವಲ್ಪ ತೆಳ್ಳಗೆ, ಮಾಂಸದ ತಳಿಯದು ತುಂಬಿಕೊಂಡಿರುತ್ತದೆ. ಹಾಗಾಗಿ ಒಂದನ್ನು ಮಾತ್ರ ಮುಟ್ಟಿ ತೀರ್ಮಾನ ಮಾಡಬೇಡಿ. ಅದೇ ತಳಿಯ, ಅದೇ ವಯಸ್ಸಿನ ಇನ್ನೆರಡನ್ನು ಮುಟ್ಟಿ ಹೋಲಿಸಿ. ವ್ಯತ್ಯಾಸ ಕೈಗೆ ತಾನಾಗಿಯೇ ತಿಳಿಯುತ್ತದೆ.

ಆಮೇಲೆ ತೂಕ. ಅಡುಗೆಮನೆಯ ತಕ್ಕಡಿ ಸಾಕು. ಮೇಲೆ ಒಂದು ಬಕೆಟ್ ಇಟ್ಟು ಸೊನ್ನೆ ಮಾಡಿ, ಕೋಳಿಯನ್ನು ಅದರಲ್ಲಿ ಕೂರಿಸಿ ಒಂದು ಬಟ್ಟೆ ಮುಚ್ಚಿದರೆ ಅಲುಗಾಡದೆ ಕೂರುತ್ತದೆ. ಬೆಳಿಗ್ಗೆ ಮೇವು ಹಾಕುವ ಮುಂಚೆ, ಪ್ರತಿ ಸಲ ಅದೇ ಹೊತ್ತಿಗೆ ತೂಗಿ. ತಿಂದು ತುಂಬಿದ ಮೇವಿನ ಚೀಲ (ಕೊರಳ ಬುಡದಲ್ಲಿ ತಿಂದಿದ್ದು ಮೊದಲು ಕೂರುವ ಜಾಗ), ಒಳಗೆ ಸಿದ್ಧವಾಗಿರುವ ಮೊಟ್ಟೆ, ಇವೆರಡೇ ಸೇರಿ 100 ಗ್ರಾಂ ವ್ಯತ್ಯಾಸ ತೋರಿಸಬಹುದು, ಅದನ್ನು ನೋಡಿ ಗಾಬರಿಯಾಗಬಾರದು ಅಲ್ವಾ. ವಾರಕ್ಕೊಮ್ಮೆ ಬರೆದಿಟ್ಟುಕೊಳ್ಳಿ. 2 ಕಿಲೋ ಇದ್ದ ಹೇಂಟೆ ಕೆಲವು ವಾರದಲ್ಲಿ 1.8 ಕಿಲೋಗೆ ಬಂದರೆ, ಅಂದರೆ ಹತ್ತರಲ್ಲಿ ಒಂದು ಪಾಲು ಇಳಿದರೆ, ಕಾಯುತ್ತಾ ಕೂರಬೇಡಿ.

ತಕ್ಕಡಿ ಒಮ್ಮೊಮ್ಮೆ ಮೋಸ ಮಾಡುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಹೇಂಟೆ ಎದೆಯಲ್ಲಿ ಒಣಗಿಹೋಗಿದ್ದರೂ ತೂಕ ಮೊದಲಿನಷ್ಟೇ ತೋರಿಸುತ್ತದೆ, ಕೆಲವು ಸಲ ಜಾಸ್ತಿಯೂ ತೋರಿಸುತ್ತದೆ. ಆದ್ದರಿಂದ ಎರಡೂ ಬೇಕು, ಒಂದನ್ನೇ ನಂಬಿದರೆ ಆಗುವುದಿಲ್ಲ.

ರೋಗವಲ್ಲದ ಕಾರಣಗಳು

ಕಾವು ಕೂತ ಹೇಂಟೆ ತೂಕ ಕಳೆದುಕೊಳ್ಳುತ್ತದೆ. 21 ದಿನ ದಿನಕ್ಕೊಂದು ಸಲ ಎದ್ದು ಸ್ವಲ್ಪ ತಿಂದು, ಮತ್ತೆ ಹೋಗಿ ಕೂರುತ್ತದೆ, ಐದರಲ್ಲಿ ಒಂದು ಪಾಲಿನಷ್ಟು ತೂಕ ಹೋದರೂ ಆಶ್ಚರ್ಯವಿಲ್ಲ. ಮೊಟ್ಟೆ ಇಲ್ಲದೆ ಸುಮ್ನೆ ಕಾವು ಕೂತು ವಾರಗಟ್ಟಲೆ ಏಳದಿದ್ದರೆ ಮಾತ್ರ ಕಾವು ಬಿಡಿಸಬೇಕು. ಗರಿ ಉದುರಿಸುವ ಕಾಲದಲ್ಲೂ ಇಳಿಯುತ್ತದೆ. ಹೊಸ ಗರಿ ಬಹುಪಾಲು ಪ್ರೋಟೀನಿನಿಂದಲೇ ಆಗುವುದರಿಂದ ಆ ಎರಡು ಮೂರು ತಿಂಗಳು ಪ್ರೋಟೀನ್ ಜಾಸ್ತಿ ಇರುವ ಮೇವು ಕೊಡಿ. ಬಿಸಿಲು ಜೋರಾದಾಗ ಕೋಳಿ ತಿನ್ನುವುದನ್ನೇ ಕಡಿಮೆ ಮಾಡುತ್ತದೆ, ಆಗ ತಂಪಾದ ಹೊತ್ತಿನಲ್ಲಿ, ಬೆಳಗಿನ ಜಾವ ಮತ್ತು ಸಂಜೆ, ಮೇವು ಹಾಕಬೇಕು.

ಇನ್ನೊಂದು ಕಾರಣವನ್ನು ಬಹಳ ಜನ ಗಮನಿಸುವುದೇ ಇಲ್ಲ. ಅದು ಉಳಿದ ಕೋಳಿಗಳ ಕಾಟ. ಪ್ರತಿ ಗುಂಪಿನಲ್ಲೂ ಮೇಲು ಕೀಳು ಇರುತ್ತದೆ, ಕೆಳಗಿರುವ ಕೋಳಿ ಮೇವಿನ ತಟ್ಟೆಗೆ ಬಂದ ತಕ್ಷಣ ಕುಕ್ಕಿಸಿಕೊಂಡು ಓಡಬೇಕಾಗುತ್ತದೆ. ನೀವು ನಿಂತು ನೋಡುವಾಗ ಎಲ್ಲವೂ ನಿಮ್ಮ ಸುತ್ತ ಸೇರಿಕೊಳ್ಳುವುದರಿಂದ ಇದು ಗೊತ್ತಾಗುವುದಿಲ್ಲ. ದೂರದಲ್ಲಿ, ಅವುಗಳಿಗೆ ಕಾಣದ ಹಾಗೆ, ಅರ್ಧ ಗಂಟೆ ಕೂತು ನೋಡಿ. ಯಾವುದು ಓಡಿಸುತ್ತದೆ, ಯಾವುದು ಕೊನೆಗೆ ಬಂದು ಉಳಿದಿದ್ದನ್ನು ಆರಿಸಿಕೊಳ್ಳುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ಪರಿಹಾರ ಸುಲಭ. ಮೇವು ಮತ್ತು ನೀರನ್ನು ಎರಡು ಮೂರು ಕಡೆ ಇಡಿ, ಒಂದರಿಂದ ಇನ್ನೊಂದು ಕಾಣದ ಹಾಗೆ. ತಟ್ಟೆಯ ಹತ್ತಿರ ಒಂದೊಂದು ಕೋಳಿಗೂ ಸುಮಾರು 10 ಸೆಂಟಿಮೀಟರ್ ಜಾಗ ಸಿಗಬೇಕು.

ಮೇವಿನ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡೋಣ. ಮಧ್ಯಮ ಗಾತ್ರದ ಮೊಟ್ಟೆ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಮೇವು ತಿನ್ನುತ್ತದೆ, ಅದರಲ್ಲಿ 16ರಿಂದ 18 ಶೇಕಡಾ ಪ್ರೋಟೀನ್ ಇರಬೇಕು. ಬರೀ ಕಾಳು, ಬರೀ ಅಡುಗೆಮನೆಯ ಉಳಿಕೆ ಹಾಕುತ್ತಿದ್ದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ನೀರು ಕಡಿಮೆಯಾದರೆ ಮೇವೂ ಕಡಿಮೆಯಾಗುತ್ತದೆ, ಇದನ್ನು ಮರೆಯಬೇಡಿ. ಬೂಸ್ಟು ಹಿಡಿದ ಮೇವನ್ನು ಒಣಗಿಸಿ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಬೂಸ್ಟಿನಿಂದ ಬರುವ ಅಫ್ಲಟಾಕ್ಸಿನ್ ಎಂಬ ವಿಷ ಬಿಸಿಲಿಗೆ ಒಣಗಿಸಿದರೂ ಹೋಗುವುದಿಲ್ಲ, ಅದು ಲಿವರ್ ಹಾಳುಮಾಡುತ್ತದೆ. ಎಲ್ಲ ಕೋಳಿಗಳೂ ಒಟ್ಟಿಗೆ ಸೊರಗುತ್ತಿದ್ದರೆ ಮೊದಲು ಮೇವಿನ ಮೂಟೆ ಬಿಚ್ಚಿ ಮೂಸಿ ನೋಡಿ.

ತಿನ್ನುತ್ತಿದೆಯೇ, ಇಲ್ಲವೇ?

ಇದು ದಾರಿ ಕವಲೊಡೆಯುವ ಜಾಗ. ಸೊರಗಿದ ಕೋಳಿಯನ್ನು ಒಂದು ದಿನ ಬೇರೆ ಪಂಜರದಲ್ಲಿ ಇಡಿ. ಕೆಳಗೆ ಕಾಗದ ಹಾಸಿ, ಮೇವು ತೂಗಿ ಹಾಕಿ. 24 ಗಂಟೆ ಬಿಟ್ಟು ಉಳಿದ ಮೇವು ತೂಗಿ, ಹಿಕ್ಕೆ ನೋಡಿ. ತಿನ್ನುವ ಹಾಗೆ ನಟಿಸುವ ಕೋಳಿಗಳಿವೆ. ಕೊಕ್ಕು ಇಟ್ಟು ಕೆದಕುತ್ತವೆ, ಒಳಗೆ ಏನೂ ಹೋಗಿರುವುದಿಲ್ಲ. ತೂಗಿದಾಗ ಮಾತ್ರ ನಿಜ ಗೊತ್ತಾಗುತ್ತದೆ.

ತಿನ್ನುತ್ತಿಲ್ಲ ಅಂದರೆ ಬಾಯಿ, ಗಂಟಲು, ಮೇವಿನ ಚೀಲ, ನೋವು, ಜ್ವರ ಇತ್ಯಾದಿ. ಚೆನ್ನಾಗಿ ತಿಂದೂ ಇಳಿಯುತ್ತಿದೆ ಅಂದರೆ ಜಂತುಹುಳ, ಹೇನು ನುಸಿ, ಇಲ್ಲವೇ ಒಳಗಿನ ದೀರ್ಘ ರೋಗ.

ಬಾಯಿ ತೆರೆದು ನೋಡಿ, ಟಾರ್ಚ್ ಹಿಡಿದು. ಬಿಳಿ ಹಳದಿ ಪೊರೆ, ಹುಣ್ಣು, ಕೆಟ್ಟ ವಾಸನೆ ಇದೆಯೇ? ಸಿಡುಬು ಬಾಯಿಯ ಒಳಗೆ ಬಂದಾಗಲೂ ಹೀಗೆ ಪೊರೆ ಕಟ್ಟುತ್ತದೆ, ಬೇರೆ ಸೋಂಕುಗಳಲ್ಲೂ ಕಟ್ಟುತ್ತದೆ, ನೋಡಿ ಹೇಳುವುದು ಕಷ್ಟ. ಪೊರೆಯನ್ನು ಕಿತ್ತರೆ ರಕ್ತ ಬರುತ್ತದೆ, ಆದ್ದರಿಂದ ಕೀಳದೆ ಪಶುವೈದ್ಯರಿಗೆ ತೋರಿಸಿ. ಮೇಲಿನ ಕೊಕ್ಕು ಉದ್ದ ಬೆಳೆದು ಬಾಗಿದ್ದರೆ ಕಾಳು ಎತ್ತಲು ಆಗುವುದಿಲ್ಲ, ತುದಿಯನ್ನು ಸ್ವಲ್ಪ ಸ್ವಲ್ಪವೇ ಉಜ್ಜಬೇಕು. ಕೊಕ್ಕು ಅಡ್ಡವಾಗಿರುವ ಕೋಳಿಗೆ ಆಳವಾದ ಬಟ್ಟಲಲ್ಲಿ ನೀರು ಕಲಸಿದ ಮೇವು ಇಟ್ಟರೆ ಚೆನ್ನಾಗಿ ಬದುಕುತ್ತದೆ.

ಮೇವಿನ ಚೀಲ

ಕೊರಳ ಬುಡದಲ್ಲಿ, ಎದೆಯ ಬಲಭಾಗಕ್ಕೆ, ತಿಂದಿದ್ದು ಮೊದಲು ಹೋಗಿ ಕೂರುವ ಚೀಲ ಇದು. ಇದನ್ನು ಎರಡು ಹೊತ್ತು ಮುಟ್ಟಬೇಕು. ರಾತ್ರಿ ಮಲಗುವಾಗ ತುಂಬಿ ಉಬ್ಬಿರಬೇಕು, ಬೆಳಿಗ್ಗೆ ಮೇವು ಹಾಕುವ ಮುಂಚೆ ಖಾಲಿಯಾಗಿ ಚಪ್ಪಟೆಯಾಗಿರಬೇಕು. ರಾತ್ರಿಯೇ ಖಾಲಿ ಇದ್ದರೆ ಅದು ತಿಂದಿಲ್ಲ. ಬೆಳಿಗ್ಗೆಯೂ ತುಂಬಿದ್ದರೆ ಒಳಗೆ ಹೋಗುತ್ತಿಲ್ಲ.

ಬೆಳಿಗ್ಗೆ ತುಂಬಿದ ಚೀಲ ಗಟ್ಟಿಯಾಗಿ, ಹಿಟ್ಟಿನ ಉಂಡೆಯ ಹಾಗಿದ್ದರೆ ಒಳಗೆ ಏನೋ ಕಟ್ಟಿಕೊಂಡಿದೆ, ಹೆಚ್ಚಾಗಿ ಉದ್ದ ಹುಲ್ಲು, ನಾರು, ದಾರ. ಮೇವು ನಿಲ್ಲಿಸಿ, ನೀರು ಮಾತ್ರ ಕೊಡಿ. ನೀರು ಕುಡಿದ ಮೇಲೆ ದಿನಕ್ಕೆ ನಾಲ್ಕೈದು ಸಲ, ಐದೈದು ನಿಮಿಷ, ಮೆಲ್ಲಗೆ ಬೆರಳಿನಿಂದ ಉಂಡೆಯನ್ನು ಒಡೆಯುವ ಹಾಗೆ ತಿಕ್ಕಿ. ಒಂದೆರಡು ದಿನದಲ್ಲಿ ಕರಗದಿದ್ದರೆ ವೈದ್ಯರು ಚೀಲವನ್ನು ಸ್ವಲ್ಪ ಕೊಯ್ದು ತೆಗೆಯಬೇಕಾಗುತ್ತದೆ.

ಚೀಲ ಮೆತ್ತಗೆ, ನೀರು ತುಂಬಿದ ಬಲೂನಿನ ಹಾಗಿದ್ದು ಬಾಯಿಯಿಂದ ಹುಳಿ ವಾಸನೆ ಬಂದರೆ ಒಳಗೆ ಮೇವು ಕೊಳೆತು ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದಿರುತ್ತದೆ. 12ರಿಂದ 24 ಗಂಟೆ ಮೇವು ಬೇಡ, ನೀರು ಇರಲಿ. ಇದಕ್ಕೆ ನಿಸ್ಟಾಟಿನ್ ಎಂಬ ಔಷಧ ಇದೆ, ವೈದ್ಯರು ತೂಕ ನೋಡಿ ಕೊಡುತ್ತಾರೆ. ಇಲ್ಲಿ ಆಂಟಿಬಯೋಟಿಕ್ ಕೊಟ್ಟರೆ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಶಿಲೀಂಧ್ರ ಇನ್ನೂ ಬೆಳೆಯುತ್ತದೆ.

ಕೋಳಿಯನ್ನು ತಲೆಕೆಳಗೆ ಮಾಡಿ ಚೀಲ ಹಿಂಡಿ ವಾಂತಿ ಮಾಡಿಸುವುದನ್ನು ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಮಾಡಬೇಡಿ. ಆ ನೀರು ಶ್ವಾಸನಾಳಕ್ಕೆ ಹೋದರೆ ಕೈಯಲ್ಲೇ ಸಾಯುತ್ತದೆ. ಇನ್ನೂ ಒಂದು ವಿಷಯ: ಚೀಲ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದರೆ ತೊಂದರೆ ಬಹಳ ಸಲ ಚೀಲದಲ್ಲಿ ಇರುವುದಿಲ್ಲ, ಮುಂದೆ ಕರುಳಿನಲ್ಲೋ ಹೊಟ್ಟೆಯಲ್ಲೋ ಏನೋ ತಡೆದಿರುತ್ತದೆ. ಹಲ್ಲಿಲ್ಲದ ಕೋಳಿ ಒಳಗಿನ ಗಟ್ಟಿ ಹೊಟ್ಟೆಯಲ್ಲಿ ಸಣ್ಣ ಕಲ್ಲುಗಳಿಂದಲೇ ಮೇವು ಅರೆಯಬೇಕು. ಹೊರಗೆ ಬಿಡದೆ ಕಾಳು, ಹುಲ್ಲು ಹಾಕುವವರು ಒರಟು ಮರಳನ್ನು ಒಂದು ಬಟ್ಟಲಲ್ಲಿ ಇಡಲೇಬೇಕು.

ಹಿಕ್ಕೆ ಓದುವುದು

ಪಂಜರದ ಕಾಗದದ ಮೇಲೆ ಬಿದ್ದ ಹಿಕ್ಕೆ ನೋಡಿ. ಸರಿಯಾದ ಹಿಕ್ಕೆ ಕಂದು ಅಥವಾ ಬೂದು, ಮೇಲೆ ಬಿಳಿ ಟೋಪಿ. ಎಂಟು ಹತ್ತು ಸಲಕ್ಕೊಮ್ಮೆ ಅಂಟಂಟಾದ, ಕೆಟ್ಟ ವಾಸನೆಯ ಕಡು ಕಂದು ಹಿಕ್ಕೆ ಬರುತ್ತದೆ, ಅದೂ ಸರಿಯೇ. ಅದನ್ನು ನೋಡಿ ಭೇದಿ ಅಂತ ಹೆದರಿದವರು ಬಹಳ ಮಂದಿ. ಕಡು ಹಸಿರು ನೀರಾದರೆ ಹೊಟ್ಟೆಯಲ್ಲಿ ಮೇವಿಲ್ಲದೆ ಬರೀ ಪಿತ್ತ ಬರುತ್ತಿರಬಹುದು. ಹಸಿರು ಸೊಪ್ಪು ತಿಂದಿದ್ದರೂ ಹಸಿರೇ, ಅದು ಬೇರೆ. ರಕ್ತ ಕಂಡರೆ ಅದೇ ದಿನ ಕೆಲಸ ಶುರುಮಾಡಬೇಕು.

ರಕ್ತ ಅಂದ ತಕ್ಷಣ ನೆನಪಾಗಬೇಕಾದದ್ದು ಕಾಕ್ಸಿಡಿಯೋಸಿಸ್, ರಕ್ತಭೇದಿ ಅಂತಲೂ ಕರೆಯುತ್ತೇವೆ. ಇದು ಐಮೀರಿಯಾ ಎಂಬ ಏಕಕೋಶ ಜೀವಿಯಿಂದ ಬರುತ್ತದೆ. ಹೆಚ್ಚಾಗಿ ಮೂರು ವಾರ ದಾಟಿದ ಮರಿಗಳಲ್ಲಿ, ಎಳೆ ಕೋಳಿಗಳಲ್ಲಿ. ಇದರ ಎಲ್ಲ ಜಾತಿಗಳೂ ರಕ್ತ ತರಿಸುವುದಿಲ್ಲ, ಕೆಲವು ಬರೀ ಕರುಳಿನ ಒಳಪದರ ಹಾಳುಮಾಡಿ ಸೊರಗಿಸುತ್ತವೆ. ಮೈ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ, ಮೂಲೆಯಲ್ಲಿ ನಿಂತ ಮರಿಯನ್ನು ಕಂಡರೆ ರಕ್ತ ಕಾಣದಿದ್ದರೂ ಇದನ್ನೇ ಮೊದಲು ಅನುಮಾನಿಸಿ. ಒದ್ದೆ ಹಾಸು, ಬೆಚ್ಚಗಿನ ಹವೆ ಇದ್ದರೆ ಹಿಕ್ಕೆಯಲ್ಲಿ ಬಿದ್ದ ಅದರ ಮೊಟ್ಟೆಯಂಥ ಕಣಗಳು ಒಂದೆರಡು ದಿನದಲ್ಲೇ ಬೇರೆ ಕೋಳಿಗೆ ಅಂಟಲು ಸಿದ್ಧವಾಗುತ್ತವೆ. ಸಾಮಾನ್ಯ ಫಿನಾಯಿಲ್‌ಗೆ ಇವು ಬಗ್ಗುವುದಿಲ್ಲ, ಹಾಸು ಒಣಗಿಸುವುದೇ ಉಪಾಯ.

ಔಷಧ ಅಂಪ್ರೋಲಿಯಂ, ಕುಡಿಯುವ ನೀರಿನಲ್ಲಿ, ಲೀಟರಿಗೆ 120ರಿಂದ 240 ಮಿಲಿಗ್ರಾಂ. 20 ಶೇಕಡಾ ಪುಡಿ ಸಿಕ್ಕರೆ ಅದು ಲೀಟರಿಗೆ 0.6ರಿಂದ 1.2 ಗ್ರಾಂ ಪುಡಿ ಆಗುತ್ತದೆ. ನಿಮ್ಮ ಪ್ಯಾಕೆಟ್ ಮೇಲೆ ಎಷ್ಟು ಶೇಕಡಾ ಅಂತ ಬರೆದಿದೆ ಅದನ್ನು ನೋಡಿಯೇ ಲೆಕ್ಕ ಹಾಕಿ, ಎಷ್ಟು ದಿನ ಕೊಡಬೇಕು ಅನ್ನುವುದೂ ಅಲ್ಲೇ ಇರುತ್ತದೆ. ಬೇರೆ ನೀರು ಸಿಗದ ಹಾಗೆ ನೋಡಿಕೊಳ್ಳಿ. ಇದು ಬಿ1 ವಿಟಮಿನ್ನಿನ ವೇಷ ಹಾಕಿಕೊಂಡು ಆ ಜೀವಿಯನ್ನು ಉಪವಾಸ ಕೆಡವುತ್ತದೆ. ಹಾಗಾಗಿ ಇದನ್ನು ಕೊಡುವಾಗ ಬಿ ವಿಟಮಿನ್ ಟಾನಿಕ್ ಕೊಟ್ಟರೆ ಔಷಧ ವ್ಯರ್ಥವಾಗುತ್ತದೆ. ಟಾನಿಕ್ ಕೋರ್ಸ್ ಮುಗಿದ ಮೇಲೆ ಇರಲಿ. ಪಾಪ, ಒಳ್ಳೆಯದಾಗಲಿ ಅಂತಲೇ ಎರಡನ್ನೂ ಒಟ್ಟಿಗೆ ಹಾಕುವವರು ಇದ್ದಾರೆ.

ಈಗ ಹುಳುಗಳು. ದುಂಡುಹುಳು ಬಿಳಿ ಶ್ಯಾವಿಗೆಯ ಹಾಗೆ ಉದ್ದ ಇರುತ್ತದೆ, ಕೆಲವು ಸಲ ಹಿಕ್ಕೆಯಲ್ಲೇ ಕಾಣುತ್ತದೆ. ಕೂದಲಹುಳು ಕೂದಲಿನಷ್ಟು ತೆಳ್ಳಗೆ, ಕಣ್ಣಿಗೆ ಕಾಣುವುದು ಕಷ್ಟ, ಆದರೆ ಅದು ಜಾಸ್ತಿ ಹಾನಿ ಮಾಡುತ್ತದೆ. ಲಾಡಿಹುಳುವಿನ ತುಂಡುಗಳು ಹೊಸ ಹಿಕ್ಕೆಯ ಮೇಲೆ ಅಕ್ಕಿಕಾಳಿನ ಹಾಗೆ ಬೆಳ್ಳಗೆ ಕಾಣುತ್ತವೆ. ಇದು ಕೋಳಿಯಿಂದ ಕೋಳಿಗೆ ನೇರವಾಗಿ ಬರುವುದಿಲ್ಲ. ಇರುವೆ, ಜೀರುಂಡೆ, ನೊಣ, ಬಸವನಹುಳುಗಳನ್ನು ತಿಂದಾಗ ಬರುತ್ತದೆ.

ಔಷಧ ಕೊಡುವ ಮುಂಚೆ ಹಿಕ್ಕೆ ಪರೀಕ್ಷೆ ಮಾಡಿಸಿ. ಮೂರು ನಾಲ್ಕು ಕಡೆಯ ಹೊಸ ಹಿಕ್ಕೆಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ತಡವಾದರೆ ಫ್ರಿಜ್‌ನಲ್ಲಿಟ್ಟು, ಅದೇ ದಿನ ಪಶು ಆಸ್ಪತ್ರೆಗೆ ಕೊಡಿ. ಒಂದು ಸಲ ಏನೂ ಸಿಗದಿದ್ದರೆ ಹುಳು ಇಲ್ಲ ಅಂತಲ್ಲ, ಮೊಟ್ಟೆಗಳು ಪ್ರತಿ ಹಿಕ್ಕೆಯಲ್ಲೂ ಬರುವುದಿಲ್ಲ, ಮತ್ತೊಮ್ಮೆ ಮಾಡಿಸಿ. ದುಂಡುಹುಳು, ಕೂದಲಹುಳುಗಳಿಗೆ ಫೆನ್‌ಬೆಂಡಜೋಲ್ ಚೆನ್ನಾಗಿ ಕೆಲಸ ಮಾಡುತ್ತದೆ. ನೀರಿಗೆ ಹಾಕುವ ಫೆನ್‌ಬೆಂಡಜೋಲ್‌ನ ಪ್ರಮಾಣ ದುಂಡುಹುಳುವಿಗೆ ಕೋಳಿಯ ತೂಕದ ಕಿಲೋಗೆ ದಿನಕ್ಕೆ 1 ಮಿಲಿಗ್ರಾಂ, 5 ದಿನ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಬೇಕು. ನನ್ನ ಕಂದು ಹೇಂಟೆ ಚೇತರಿಸಿಕೊಂಡಿದ್ದು ಅದರಿಂದಲೇ.

ಔಷಧ ಕೊಟ್ಟ ಮೇಲೆ ಹಾಸು ಬದಲಿಸದಿದ್ದರೆ ಏನು ಪ್ರಯೋಜನ ಹೇಳಿ. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಕೋಳಿಯ ಹೊಟ್ಟೆಗೆ ಹೋದ ಐದರಿಂದ ಎಂಟು ವಾರದಲ್ಲಿ ಬೆಳೆದು ಮತ್ತೆ ಮೊಟ್ಟೆ ಇಡುತ್ತದೆ. ಹಳೆಯ ಹಾಸು ತೆಗೆದು, ಕೋಳಿ ಓಡಾಡುವ ಜಾಗವನ್ನು ಆಗಾಗ ಬದಲಿಸಿ.

ಯಾವ ಔಷಧ ಕೊಟ್ಟರೂ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಅನ್ನುವುದು ಅದರ ಚೀಟಿಯಲ್ಲಿ ಬರೆದಿರುತ್ತದೆ. ಓದಿ, ಪಾಲಿಸಿ. ಬರೆದಿಲ್ಲದಿದ್ದರೆ ವೈದ್ಯರನ್ನು ಕೇಳದೆ ಆ ಮೊಟ್ಟೆ ಮನೆಯಲ್ಲಿ ಯಾರಿಗೂ ಕೊಡಬೇಡಿ.

ಹೊರಗಿನಿಂದ ರಕ್ತ ಹೀರುವವು

ಜುಟ್ಟು ಬಿಳಿಚಿಕೊಂಡಿದೆ, ಕೋಳಿ ತಿನ್ನುತ್ತಿದೆ, ಮೊಟ್ಟೆ ನಿಂತಿದೆ, ಸಂಜೆ ಗೂಡಿಗೆ ಹೋಗಲು ಹಿಂದೇಟು ಹಾಕುತ್ತಿದೆ. ಹಾಗಿದ್ದರೆ ಕೆಂಪು ನುಸಿ ನೋಡಿ. ಇದು ಹಗಲು ಕೋಳಿಯ ಮೈಮೇಲೆ ಇರುವುದಿಲ್ಲ, ಅದಕ್ಕೇ ಸಿಗುವುದಿಲ್ಲ. ಮರದ ಸಂದಿ, ಕೂರುವ ಕೋಲಿನ ತುದಿ, ಮೂಲೆಗಳಲ್ಲಿ ಅಡಗಿ ರಾತ್ರಿ ಬಂದು ರಕ್ತ ಹೀರುತ್ತದೆ. ಕತ್ತಲಾದ ಮೇಲೆ ಬಿಳಿ ಕಾಗದದಿಂದ ಕೋಲಿನ ತಳಭಾಗ ಒರೆಸಿ. ಕೆಂಪು ಗೆರೆ ಬಂದರೆ ಉತ್ತರ ಸಿಕ್ಕಿತು. ಕೋಳಿಗೆ ಪುಡಿ ಹಾಕಿದರೆ ಸಾಲದು, ಗೂಡಿಗೇ ಚಿಕಿತ್ಸೆ ಆಗಬೇಕು. ಎಲ್ಲ ಬಿಚ್ಚಿ, ಸಂದಿಗಳನ್ನು ಕೆರೆದು ತೊಳೆದು, ಕೋಳಿ ಗೂಡಿಗೆ ಒಪ್ಪಿಗೆ ಇರುವ ಔಷಧ ಹೊಡೆಯಿರಿ, ವಾರ ಹತ್ತು ದಿನ ಬಿಟ್ಟು ಮತ್ತೊಮ್ಮೆ. ಇವು ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ, ಖಾಲಿ ಬಿಟ್ಟ ಗೂಡು ಶುದ್ಧ ಅಂದುಕೊಳ್ಳಬೇಡಿ.

ಮೈಮೇಲೇ ಇರುವ ನುಸಿ ಮತ್ತು ಹೇನಿಗೆ ಹಿಂಬದಿಯ ಗರಿ ಬಿಡಿಸಿ ನೋಡಬೇಕು. ಗರಿಯ ಬುಡದಲ್ಲಿ ಬಿಳಿ ಗಂಟು ಕಟ್ಟಿದ್ದರೆ ಅವು ಹೇನಿನ ಮೊಟ್ಟೆ. ಪರ್ಮೆಥ್ರಿನ್ ಪುಡಿಯನ್ನು ಗರಿಯ ಬುಡಕ್ಕೆ, ರೆಕ್ಕೆಯ ಕೆಳಗೆ ಹಚ್ಚಿ, ಹತ್ತು ದಿನದೊಳಗೆ ಇನ್ನೊಮ್ಮೆ ಹಚ್ಚಿ, ಮೊಟ್ಟೆಯಿಂದ ಹೊಸದಾಗಿ ಬಂದವು ಆಗ ಸಾಯುತ್ತವೆ. ಮನೆಯಲ್ಲಿ ಬೆಕ್ಕು ಇದ್ದರೆ ಈ ಪುಡಿಯಿಂದ ದೂರ ಇಡಿ, ಬೆಕ್ಕಿಗೆ ಪರ್ಮೆಥ್ರಿನ್ ವಿಷ.

ಹೊಟ್ಟೆ, ಮತ್ತು ವಾಸಿಯಾಗದ ರೋಗಗಳು

ಎದೆ ಒಣಗಿ ಹೊಟ್ಟೆ ಉಬ್ಬಿದ ಹೇಂಟೆ, ಕಾಲು ಅಗಲಿಸಿ ನೆಟ್ಟಗೆ ನಿಂತು ನಡೆಯುತ್ತಿದ್ದರೆ, ಮೊಟ್ಟೆಯ ಹಳದಿ ದಾರಿ ತಪ್ಪಿ ಹೊಟ್ಟೆಯೊಳಗೆ ಬಿದ್ದು ಸೋಂಕಾಗಿರಬಹುದು, ಇಲ್ಲವೇ ಅಂಡಾಶಯದ ಗಡ್ಡೆ ಇರಬಹುದು. ಎರಡೂ ಮೊಟ್ಟೆ ಇಟ್ಟು ವಯಸ್ಸಾದ ಹೇಂಟೆಗಳಲ್ಲಿ ಸಾಮಾನ್ಯ. ವೈದ್ಯರು ನೀರು ತೆಗೆದರೆ ಕೆಲವು ದಿನ ಆರಾಮ ಸಿಗುತ್ತದೆ, ಪೂರ್ತಿ ವಾಸಿಯಾಗುವುದು ಅಪರೂಪ. ಮನೆಯಲ್ಲೇ ಸೂಜಿ ಹಾಕಲು ಹೋಗಬೇಡಿ.

ಎಳೆಯ ಕೋಳಿ ಸೊರಗುತ್ತಾ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿ ಬಿದ್ದರೆ, ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಭಾಗ ಬೂದು ಬಣ್ಣಕ್ಕೆ ತಿರುಗಿದರೆ ಮಾರೆಕ್ಸ್ ರೋಗ ಅನುಮಾನಿಸಿ. ಇದು ಹರ್ಪಿಸ್ ಜಾತಿಯ ವೈರಸ್, ಔಷಧವಿಲ್ಲ. ಮೊಟ್ಟೆ ಒಡೆದು ಬಂದ ಮೊದಲ ದಿನವೇ ಲಸಿಕೆ ಹಾಕಬೇಕು, ಮರಿ ತರುವಾಗ ಇದನ್ನು ಕೇಳಿಯೇ ತನ್ನಿ. ಕೋಳಿ ಕ್ಷಯ ಎಂಬುದೂ ಇದೆ. ವರ್ಷ ದಾಟಿದ ಕೋಳಿಯಲ್ಲಿ ಬರುತ್ತದೆ, ಹಸಿವು ಚೆನ್ನಾಗಿರುತ್ತದೆ, ಆದರೂ ತಿಂಗಳುಗಟ್ಟಲೆ ಕರಗುತ್ತಾ ಹೋಗುತ್ತದೆ. ಇದಕ್ಕೆ ಕೋಳಿಗೆ ಚಿಕಿತ್ಸೆ ಕೊಡುವುದಿಲ್ಲ. ರೋಗನಿರೋಧಕ ಶಕ್ತಿ ಕಡಿಮೆ ಇರುವ ಮನುಷ್ಯರಿಗೂ ಇದು ತಗಲಬಹುದು.

ಒಂದು ವೇಳೆ ಒಂದಲ್ಲ, ಹಲವು ಕೋಳಿಗಳು ಏಕಾಏಕಿ ಸಾಯುತ್ತಿದ್ದರೆ, ಕೊರಳು ತಿರುಚಿಕೊಳ್ಳುತ್ತಿದ್ದರೆ, ಜುಟ್ಟು ನೀಲಿಯಾಗುತ್ತಿದ್ದರೆ ಈ ಬರಹ ಪಕ್ಕಕ್ಕಿಟ್ಟು ಪಶುವೈದ್ಯ ಇಲಾಖೆಗೆ ತಿಳಿಸಿ. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಆರೈಕೆ

ಕಾರಣ ಗೊತ್ತಾಗುವವರೆಗೆ ಕೋಳಿಯನ್ನು ಕಾಯುತ್ತಾ ಬಿಡಲಾಗುವುದಿಲ್ಲ. ಸೊರಗಿದ ಕೋಳಿಗೆ ಮೈ ಬೆಚ್ಚಗಿಡುವುದೇ ದೊಡ್ಡ ಕೆಲಸ, ತಿಂದಿದ್ದೆಲ್ಲ ಅದಕ್ಕೇ ಖರ್ಚಾಗುತ್ತದೆ. ಅದಕ್ಕೆ ಗಾಳಿ ಬೀಸದ, ಬೆಚ್ಚಗಿನ ಜಾಗ ಕೊಡಿ. ಪೂರ್ತಿ ಒಂಟಿ ಮಾಡಬೇಡಿ, ಉಳಿದವು ಕಾಣುವ ಹಾಗೆ ಜಾಲರಿಯ ಆಚೆ ಇಡಿ, ಒಂಟಿಯಾದ ಕೋಳಿ ತಿನ್ನುವುದನ್ನೇ ಬಿಡುತ್ತದೆ. ಸೋಂಕು ಅನುಮಾನ ಇದ್ದರೆ ಮಾತ್ರ ದೂರ. ಹಿಡಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳಿಗೂ ಹೇಳಿ.

ಮೊದಲು ನೀರು, ಆಮೇಲೆ ಮೇವು. ಮೊದಲ ದಿನ ಎಲೆಕ್ಟ್ರೋಲೈಟ್ (ಲವಣಗಳ ಪುಡಿ) ಹಾಕಿದ ನೀರು ಕೊಡಿ, ಪಕ್ಕದಲ್ಲಿ ಬರೀ ನೀರೂ ಇರಲಿ. ಕುಡಿಯದಿದ್ದರೆ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿ, ಅದಾಗಿಯೇ ನುಂಗಲಿ. ಬಾಯಿ ತೆರೆದು ಸುರಿಯಬೇಡಿ, ನಾಲಿಗೆಯ ಹಿಂದೆಯೇ ಶ್ವಾಸನಾಳದ ಬಾಯಿ ಇದೆ. ಚೀಲ ಖಾಲಿಯಾಗುತ್ತಿದೆ ಅಂತ ಖಚಿತವಾದ ಮೇಲೆ ದಿನನಿತ್ಯದ ಮೇವನ್ನೇ ಬೆಚ್ಚಗಿನ ನೀರಿನಲ್ಲಿ ಗಂಜಿಯ ಹಾಗೆ ಕಲಸಿ, ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಸೇರಿಸಿ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಇಡಿ. ಉಳಿದಿದ್ದನ್ನು ಎರಡು ಗಂಟೆಯೊಳಗೆ ತೆಗೆಯಿರಿ, ಹುಳಿಯುತ್ತದೆ. ಬಹಳ ದಿನ ಉಪವಾಸವಿದ್ದ ಕೋಳಿಗೆ ಒಮ್ಮೆಲೇ ಹೊಟ್ಟೆ ತುಂಬ ಕೊಡುವುದು ಒಳ್ಳೆಯದಲ್ಲ.

ಮೂರು ದಿನಕ್ಕೊಮ್ಮೆ ತೂಗಿ. ತೂಕ ಏರುವುದಕ್ಕೂ ಮುಂಚೆ ಇಳಿಯುವುದು ನಿಲ್ಲುತ್ತದೆ, ಅದೇ ಮೊದಲ ಒಳ್ಳೆಯ ಸುದ್ದಿ. ಎದೆ ಮತ್ತೆ ತುಂಬಲು ವಾರಗಳು ಬೇಕು. ನನ್ನ ಹೇಂಟೆಗೆ ಏಳು ವಾರ ಬೇಕಾಯಿತು, ಅಷ್ಟು ದಿನವೂ ಬೆಳಿಗ್ಗೆ ಎದ್ದು ಮೊದಲು ಅದರ ಚೀಲ ಮುಟ್ಟಿ ನೋಡುತ್ತಿದ್ದೆ. ವಾಪಸ್ ಗುಂಪಿಗೆ ಬಿಡುವಾಗ ಕೆಲವು ದಿನ ಜಾಲರಿಯ ಆಚೆಯಿಂದ ನೋಡಿಕೊಳ್ಳಲಿ, ಆಮೇಲೆ ಬಿಡಿ, ಇಲ್ಲದಿದ್ದರೆ ಉಳಿದವು ಹೊಸಬರ ಹಾಗೆ ಕುಕ್ಕುತ್ತವೆ. ಹೊರಗಿನಿಂದ ತಂದ ಹೊಸ ಕೋಳಿಯನ್ನಂತೂ 30 ದಿನ ಬೇರೆಯೇ ಇಟ್ಟು ಎದೆ, ಹಿಕ್ಕೆ, ಗರಿ ಎಲ್ಲ ನೋಡಿ.

ಎಷ್ಟು ಮಾಡಿದರೂ ಕೆಲವು ಉಳಿಯುವುದಿಲ್ಲ. ತಿನ್ನದೆ, ಏಳಲಾಗದೆ ಬಿದ್ದ ಕೋಳಿಯನ್ನು ನರಳಲು ಬಿಡಬೇಡಿ, ನೋವಿಲ್ಲದ ಸಾವು ಕೊಡಿಸಲು ವೈದ್ಯರನ್ನು ಕೇಳಿ. ಸತ್ತ ಮೇಲೆ ಹೂಳುವ ಮುಂಚೆ ಮರಣೋತ್ತರ ಪರೀಕ್ಷೆಗೆ ಕೊಡಿ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್‌ನ ತಂಪಿನಲ್ಲಿ, ಆಹಾರದಿಂದ ದೂರ ಇಡಿ. ಹೆಪ್ಪುಗಟ್ಟಿಸಬೇಡಿ, ಹೆಪ್ಪುಗಟ್ಟಿದರೆ ಒಳಗಿನ ಅಂಗಗಳು ಪರೀಕ್ಷೆಗೆ ಸರಿಯಾಗಿ ಸಿಗುವುದಿಲ್ಲ. 24 ಗಂಟೆಯೊಳಗೆ ತಲುಪಿಸಿ, ಜೊತೆಗೆ ನೀವು ಬರೆದಿಟ್ಟ ತೂಕದ ಲೆಕ್ಕ, ಕೊಟ್ಟ ಔಷಧಗಳ ಹೆಸರು ಕೊಡಿ. ಆ ವರದಿ ಬಂದ ದಿನ ಉಳಿದ ಕೋಳಿಗಳನ್ನು ಒಂದೊಂದಾಗಿ ಎತ್ತಿಕೊಂಡು ಎದೆ ಮುಟ್ಟಿ ನೋಡಿ, ಯಾವುದಕ್ಕೆ ಚಿಕಿತ್ಸೆ ಬೇಕು ಅನ್ನುವುದು ಆಗ ಗೊತ್ತಾಗುತ್ತದೆ.